ಕೌಂಟಾಶ್ ಕಾರಿನ ಪಕ್ಕದ ತೆರಪುಗಳು: ಬಿಸಿ ತಿದ್ದಿದ ಒಂದು ವಿನ್ಯಾಸದ ಪ್ರಕರಣ ಅಧ್ಯಯನ

1971ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಪ್ರದರ್ಶನದ ಕಾರಿನ ಮೈ ವಿನ್ಯಾಸ ಮಾಡುವ ಬೆರ್ತೋನೆ ಸಂಸ್ಥೆಯ ಮಳಿಗೆಯಲ್ಲಿ ನಿಂತಿದ್ದ ಹಳದಿ ಬಣ್ಣದ ಲಂಬೋರ್ಗಿನಿ ಕೌಂಟಾಶ್ ಎಲ್‌ಪಿ 500 ಮಾದರಿಯ ಮೈಮೇಲೆ ಗಾಳಿಯ ತೆರಪು ಎಂದು ಎದ್ದು ಕಾಣುವಂಥದ್ದು ಏನೂ ಇರಲಿಲ್ಲ. ಪಕ್ಕದ ಕಿಟಕಿಯ ಹಿಂದೆ, ಭುಜದ ಭಾಗದಲ್ಲಿ, ಮೀನಿನ ಕಿವಿರಿನಂಥ ಕೆಲವು ಸೀಳುಗಳು, ಅಷ್ಟೇ. ವಿನ್ಯಾಸಕಾರ ಮಾರ್ಚೆಲ್ಲೊ ಗಾಂದೀನಿ ಮೂತಿಯಿಂದ ಬಾಲದವರೆಗೆ ಎಳೆದ ಬೆಣೆಯಾಕಾರದ ಗೆರೆಯನ್ನು ಎಲ್ಲೂ ಕಡಿಯದೆ ಉಳಿಸಿಕೊಂಡಿದ್ದರು. ಮೂರು ವರ್ಷದ ನಂತರ, 1974ರಲ್ಲಿ, ಗಿರಾಕಿಗಳ ಕೈಸೇರಿದ ಎಲ್‌ಪಿ 400 ಕಾರಿನಲ್ಲಿ ಆ ಗೆರೆ ಎರಡು ಕಡೆ ಕಡಿದಿತ್ತು. ಬಾಗಿಲಿನಿಂದ ಶುರುವಾಗಿ ಹಿಂದಿನ ಮಡ್‌ಗಾರ್ಡಿನವರೆಗೆ ಚಾಚಿದ, ಒಳಕ್ಕೆ ಇಳಿಯುವ ತ್ರಿಕೋನದಂಥ ಒಂದು ತೆರಪು. ಅದರ ಮೇಲೆ, ಕಿಟಕಿಯ ಹಿಂದೆ, ಮೈಯಿಂದ ಹೊರಕ್ಕೆ ಎದ್ದ ಪೆಟ್ಟಿಗೆಯಂಥ ಇನ್ನೊಂದು. ಬಲಕ್ಕೂ ಎಡಕ್ಕೂ ಇದೇ ಜೋಡಿ.

ಈ ಬದಲಾವಣೆ ಅಲಂಕಾರಕ್ಕಾಗಿ ಆದದ್ದಲ್ಲ. ಪರೀಕ್ಷಾ ಚಾಲಕ ಬಾಬ್ ವಾಲೇಸ್ ಜಿನೀವಾದ ಆ ಹಳದಿ ಮಾದರಿಯನ್ನು ರಸ್ತೆಗಿಳಿಸಿ ಓಡಿಸಿದಾಗ ಎಂಜಿನ್ ಮಿತಿಮೀರಿ ಬಿಸಿಯಾಗುತ್ತಿತ್ತು. ಕಿವಿರುಗಳಿಂದ ಬೇಕಾದಷ್ಟು ಗಾಳಿ ಒಳಗೆ ಹೋಗುತ್ತಿರಲಿಲ್ಲ. ಎಂಜಿನಿಯರ್ ಪಾವ್ಲೊ ಸ್ತಾಂಜಾನಿ ಅವರ ತಂಡ ಅದಕ್ಕೆ ಕಂಡುಕೊಂಡ ಪರಿಹಾರವೇ ಮುಂದೆ ಆ ಕಾರಿನ ಗುರುತಾಯಿತು. ಕಾರಿನ ಮೇಲಿನ ಗಾಳಿಯ ತೆರಪು ಎಲ್ಲಿರಬೇಕು, ಎಷ್ಟಿರಬೇಕು, ಯಾವ ಆಕಾರದಲ್ಲಿರಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ತಪ್ಪಿದ ರೂಪ, ಸರಿಹೋದ ರೂಪ ಎರಡೂ ಕಣ್ಣೆದುರಿಗಿವೆ.

ಸಮಸ್ಯೆ ಹುಟ್ಟಿದ್ದು ಎಲ್ಲಿ

ಕೌಂಟಾಶ್‌ಗಿಂತ ಹಿಂದಿನ ಲಂಬೋರ್ಗಿನಿ ಕಾರು ಮಿಯೂರಾದಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂತಿತ್ತು, ರೇಡಿಯೇಟರ್ ಮಾತ್ರ ಮೂತಿಯಲ್ಲಿತ್ತು. ಮೂತಿಯ ರೇಡಿಯೇಟರಿಗೆ ಗಾಳಿ ನೇರವಾಗಿ ಬಡಿಯುತ್ತದೆ, ಅದು ಸುಲಭ. ಆದರೆ ಬಿಸಿನೀರಿನ ಕೊಳವೆಗಳು ಎಂಜಿನ್ನಿನಿಂದ ಮೂತಿಯವರೆಗೆ ಕೂರುವವರ ಪಕ್ಕದಲ್ಲೇ ಹಾದುಹೋಗಬೇಕು. ಕೊಳವೆ ಉದ್ದ, ನೀರಿನ ತೂಕ ಹೆಚ್ಚು, ಒಳಗೆ ಸೆಕೆ. ಕೌಂಟಾಶ್‌ನಲ್ಲಿ ವಿ 12 ಎಂಜಿನ್ನನ್ನು ಉದ್ದಕ್ಕೆ, ಅದೂ ತಿರುಗಿಸಿ ಕೂರಿಸಿ, ಗೇರ್‌ಬಾಕ್ಸನ್ನು ಮುಂದಕ್ಕೆ, ಎರಡು ಸೀಟುಗಳ ನಡುವೆ ತಂದರು. ರೇಡಿಯೇಟರುಗಳು ಹಿಂದೆ, ಎಂಜಿನ್ನಿನ ಎರಡು ಪಕ್ಕಕ್ಕೆ ಹೋದವು. ಪೆಟ್ರೋಲ್ ಟ್ಯಾಂಕುಗಳೂ ಆ ಪಕ್ಕಗಳಲ್ಲೇ. ಹೀಗಾಗಿ ಮೂತಿ ಎಷ್ಟು ಬೇಕೋ ಅಷ್ಟು ತೆಳ್ಳಗಾಯಿತು. ಕಾರಿನ ಎತ್ತರ ಬರೀ 1.07 ಮೀಟರ್.

ತೂಕದ ಹಂಚಿಕೆಗೆ, ಕೊಳವೆಯ ಉದ್ದಕ್ಕೆ, ನೋಟಕ್ಕೆ ಇದು ಬಹಳ ಒಳ್ಳೆಯ ಜೋಡಣೆ. ಗಾಳಿಗೆ ಮಾತ್ರ ಅಲ್ಲ. ಕಾರಿನ ಪಕ್ಕದಲ್ಲಿ ಗಾಳಿ ಮೈಗೆ ಬಡಿಯುವುದಿಲ್ಲ, ಮೈಯನ್ನು ಸವರಿಕೊಂಡು ಹಿಂದಕ್ಕೆ ಹೋಗುತ್ತದೆ. ಓಡುವ ಬಸ್ಸಿನ ಕಿಟಕಿ ತೆರೆದಿಟ್ಟರೂ ಒಳಗೆ ಕೂತವರ ಮುಖಕ್ಕೆ ಗಾಳಿ ಅಷ್ಟಕ್ಕಷ್ಟೇ, ಅಂಗೈಯನ್ನು ಹೊರಗೆ ಓರೆಯಾಗಿ ಹಿಡಿದರೆ ಮಾತ್ರ ರಭಸವಾಗಿ ತಿರುಗಿ ಒಳಗೆ ಬರುತ್ತದಲ್ಲ, ಇಲ್ಲಿನ ಲೆಕ್ಕವೂ ಅದೇ.

ಎಷ್ಟು ಗಾಳಿ ಬೇಕು

ತೆರಪಿನ ಬಗ್ಗೆ ಮಾತಾಡುವಾಗ ಎರಡು ಬೇರೆಬೇರೆ ಗಾಳಿಯನ್ನು ಬೆರೆಸಿಬಿಡುವುದು ಸಾಮಾನ್ಯ ತಪ್ಪು. ಒಂದು, ಎಂಜಿನ್ ಉಸಿರಾಡುವ ಗಾಳಿ. ಇನ್ನೊಂದು, ರೇಡಿಯೇಟರನ್ನು ತಣಿಸುವ ಗಾಳಿ.

ಮೊದಲನೆಯದರ ಲೆಕ್ಕ ಸುಲಭ. ಎಲ್‌ಪಿ 400ರ ಎಂಜಿನ್ 3929 ಸಿಸಿ. ಕಂಪನಿ ಹೇಳಿಕೊಂಡ ಶಕ್ತಿ 8000 ಆರ್‌ಪಿಎಂನಲ್ಲಿ 375 ಅಶ್ವಶಕ್ತಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಹಾಗಾಗಿ ನಿಮಿಷಕ್ಕೆ 4000 ಸಲ 3.93 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 260 ಲೀಟರ್, ಕಾಲು ಘನ ಮೀಟರ್.

ಎರಡನೆಯದು ಬೇರೆಯೇ ಪ್ರಮಾಣದ್ದು. 375 ಅಶ್ವಶಕ್ತಿ ಎಂದರೆ ಸುಮಾರು 276 ಕಿಲೋವ್ಯಾಟ್. ಪೂರ್ಣ ಶಕ್ತಿಯಲ್ಲಿ ಓಡುವಾಗ ಚಕ್ರಕ್ಕೆ ಹೋಗುವ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಶಾಖ ಕೂಲಂಟಿಗೂ, ಅಂದರೆ ಎಂಜಿನ್ ತಣಿಸುವ ನೀರಿಗೂ, ಸೇರುತ್ತದೆ ಎಂದು ಹಿಡಿಯುವುದು ಕೈಲೆಕ್ಕದ ರೂಢಿ. 150 ಕಿಲೋವ್ಯಾಟ್ ಎಂದೇ ಇಟ್ಟುಕೊಳ್ಳೋಣ. 30 ಡಿಗ್ರಿಯಲ್ಲಿ ಒಳಬಂದ ಗಾಳಿ 70 ಡಿಗ್ರಿಗೆ ಏರಿ ಹೊರಹೋದರೆ, ಪ್ರತಿ ಕಿಲೋ ಗಾಳಿ 40 ಕಿಲೋಜೂಲ್ ಹೊತ್ತೊಯ್ಯುತ್ತದೆ. 150ನ್ನು 40ರಿಂದ ಭಾಗಿಸಿದರೆ ಸೆಕೆಂಡಿಗೆ 3.7 ಕಿಲೋ ಗಾಳಿ, ಅಂದರೆ 3 ಘನ ಮೀಟರಿಗಿಂತ ಸ್ವಲ್ಪ ಹೆಚ್ಚು. ಎಂಜಿನ್ ಉಸಿರಾಡುವುದರ ಹನ್ನೆರಡು ಪಟ್ಟು!

ಗಂಟೆಗೆ 180 ಕಿ.ಮೀ. ವೇಗದಲ್ಲಿ ಹೊರಗಿನ ಗಾಳಿ ಸೆಕೆಂಡಿಗೆ 50 ಮೀಟರ್ ಸರಿಯುತ್ತದೆ. ತೆರಪಿನ ಬಾಯಲ್ಲಿ ಆ ವೇಗದ ಶೇ. 40ರಷ್ಟು ಉಳಿದರೆ ಒಳ್ಳೆಯ ವಿನ್ಯಾಸ ಎನ್ನಬಹುದು, ಏಕೆಂದರೆ ಹಿಂದೆ ರೇಡಿಯೇಟರಿನ ದಟ್ಟ ಜಾಲರಿ ಅಡ್ಡ ನಿಂತಿರುತ್ತದೆ. ಆಗ ಬೇಕಾದ ಒಟ್ಟು ಬಾಯಿ 1600 ಚದರ ಸೆಂ.ಮೀ.; ಒಂದೊಂದು ಪಕ್ಕಕ್ಕೆ 800, ಅಂದರೆ 20ಕ್ಕೆ 40 ಸೆಂ.ಮೀ.ನ ತೂತು. ಜಿನೀವಾದ ಕಿವಿರುಗಳು ಹೊರನೋಟಕ್ಕೆ ಎಷ್ಟೇ ಉದ್ದ ಕಂಡರೂ ಗಾಳಿಗೆ ಎದುರಾಗಿ ನಿಲ್ಲುವ ಅವುಗಳ ಬಾಯಿ ಇದರ ಹತ್ತಿರಕ್ಕೂ ಬರುವಂಥದ್ದಲ್ಲ.

ಕಿವಿರು ಏಕೆ ಸೋತಿತು

ಬಾಯಿ ಚಿಕ್ಕದು ಎಂಬುದು ಒಂದು ಕಾರಣ. ಅದಕ್ಕಿಂತ ಆಳದ ಕಾರಣ, ಮೈಗೆ ಅಂಟಿ ನಡೆಯುವ ಸೋಮಾರಿ ಗಾಳಿಯ ಪದರ. ಕಾರಿನ ಮೈಗೆ ತಾಗಿದ ಗಾಳಿ ಘರ್ಷಣೆಯಿಂದ ನಿಧಾನವಾಗುತ್ತದೆ, ಹಿಂದೆ ಹೋದಷ್ಟೂ ಆ ಪದರ ದಪ್ಪವಾಗುತ್ತದೆ. ಚಪ್ಪಟೆ ಹಲಗೆಯ ಸೂತ್ರದಿಂದ ಲೆಕ್ಕ ಹಾಕಿದರೆ, 180 ಕಿ.ಮೀ. ವೇಗದಲ್ಲಿ ಮೂತಿಯಿಂದ ಎರಡೂವರೆ ಮೀಟರ್ ಹಿಂದೆ ಅದು ಸುಮಾರು 4 ಸೆಂ.ಮೀ. ದಪ್ಪ. ನಿಜವಾದ ಕಾರಿನಲ್ಲಿ ಗಾಜಿನ ಅಂಚು, ಬಾಗಿಲ ಸಂದು, ಕನ್ನಡಿಗಳಿಂದಾಗಿ ಇನ್ನೂ ಹೆಚ್ಚು. ಮೈಮಟ್ಟಕ್ಕೆ ಕೊಯ್ದ ಸೀಳು ಪೂರ್ತಿ ಈ ಪದರದೊಳಗೇ ಮುಳುಗಿರುತ್ತದೆ. ಅದರ ಮೇಲೆ ಹಾಯುವ ಗಾಳಿಗೆ ಒಳನುಗ್ಗುವ ಒತ್ತಡವೇ ಇರುವುದಿಲ್ಲ. ಪಕ್ಕದ ಗಾಜು ಮುಗಿದು ಮೈ ತಿರುಗುವಲ್ಲಿ ಗಾಳಿ ಮೈಬಿಟ್ಟು ಸುಳಿಯಾಗುವ ಸಂಭವವೂ ಉಂಟು. ಅಂಥ ಕಡೆ ಸೀಳಿದ್ದರೆ ಗಾಳಿ ಒಳಗೆ ಬರುವ ಬದಲು ಹೊರಕ್ಕೇ ಎಳೆಸಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಲು ಗಾಳಿ ಸುರಂಗದ ಪರೀಕ್ಷೆಯೇ ಬೇಕೆಂದಿಲ್ಲ. 8 ಸೆಂ.ಮೀ. ಉದ್ದದ ಉಣ್ಣೆ ದಾರದ ತುಂಡುಗಳನ್ನು 10 ಸೆಂ.ಮೀ.ಗೊಂದರಂತೆ ಮೈಮೇಲೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಇನ್ನೊಂದು ಕಾರಿನಿಂದ ವಿಡಿಯೊ ತೆಗೆದರೆ ಸಾಕು. ದಾರ ನೇರವಾಗಿ ಹಿಂದಕ್ಕೆ ಮಲಗಿದ್ದರೆ ಗಾಳಿ ಮೈಗೆ ಅಂಟಿದೆ. ನಡುಗಿ ತಿರುಗಾಡಿದರೆ ಸುಳಿ. ತೆರಪಿನ ಬಾಯಲ್ಲಿ ದಾರ ಒಳಮುಖವಾಗಿ ಹೋಗದೆ ಹೊರಕ್ಕೆ ಚಾಚಿದರೆ ಆ ತೆರಪು ಉಲ್ಟಾ ಕೆಲಸ ಮಾಡುತ್ತಿದೆ.

ನಾಕಾ ಡಕ್ಟ್

ಎಲ್‌ಪಿ 400ರ ಬಾಗಿಲ ಮೇಲಿನ ಆ ತ್ರಿಕೋನದ ಹೆಸರು ನಾಕಾ ಡಕ್ಟ್, ಅಂದರೆ ನಾಕಾ ಗಾಳಿದಾರಿ. ಅದು ಹುಟ್ಟಿದ್ದು ವಿಮಾನಕ್ಕಾಗಿ. ಅಮೆರಿಕದ ವಿಮಾನ ಸಂಶೋಧನಾ ಸಮಿತಿ ನಾಕಾ, ಅಂದರೆ ಇಂದಿನ ನಾಸಾದ ಪೂರ್ವಜ ಸಂಸ್ಥೆ, ಕ್ಯಾಲಿಫೋರ್ನಿಯಾದ ಏಮ್ಸ್ ಪ್ರಯೋಗಾಲಯದಲ್ಲಿ 1945ರಲ್ಲಿ ಇದರ ಪ್ರಯೋಗಗಳ ವರದಿ ಹೊರತಂದಿತು. ಜೆಟ್ ಎಂಜಿನ್ನಿನ ಮುಖ್ಯ ಗಾಳಿಬಾಯಿಯಾಗಿ ಅದು ನೆಲೆ ನಿಲ್ಲಲಿಲ್ಲ. ಸಣ್ಣಪುಟ್ಟ ತಣಿಸುವ ಕೆಲಸಗಳಿಗೆ ಮಾತ್ರ ಅದ್ಭುತವಾಗಿ ಒಗ್ಗಿತು, ಮುಂದೆ ರೇಸ್ ಕಾರುಗಳಿಗೂ ಬಂತು.

ಅದರ ಜಾಣ್ಮೆ ಇರುವುದು ಅಂಚುಗಳಲ್ಲಿ. ಚೂಪಾದ ತುದಿ ಮುಂದಕ್ಕೆ, ಅಗಲವಾದ ಬಾಯಿ ಹಿಂದಕ್ಕೆ. ನೆಲ ಮೆಲ್ಲಗೆ ಒಳಕ್ಕೆ ಇಳಿಯುತ್ತದೆ. ಎರಡು ಗೋಡೆಗಳು ಬಾಗುತ್ತ ಅಗಲವಾಗುತ್ತವೆ. ಗೋಡೆಯ ಮೇಲಂಚು ಚೂಪಾಗಿದ್ದಾಗ ಅದನ್ನು ದಾಟಿ ಒಳಗಿಳಿಯುವ ಗಾಳಿ ಸುರುಳಿಯಾಗಿ ಸುತ್ತುತ್ತದೆ. ಎಡಕ್ಕೊಂದು, ಬಲಕ್ಕೊಂದು ಸುರುಳಿ. ಇವು ಸೋಮಾರಿ ಪದರವನ್ನು ಬದಿಗೆ ಸರಿಸಿ, ಮೇಲಿನ ಚುರುಕಾದ ಗಾಳಿಯನ್ನು ಇಳಿಜಾರಿಗೆ ಎಳೆದು ತರುತ್ತವೆ. ಮೈಯಿಂದ ಏನೂ ಹೊರಚಾಚದೆ ಗಾಳಿ ಸಿಗುತ್ತದೆ, ಎದುರುಗಾಳಿಯ ತಡೆಯೂ ಹೆಚ್ಚಾಗುವುದಿಲ್ಲ.

ಅಳತೆಗಳು ಹೀಗೆ. ಇಳಿಜಾರಿನ ಕೋನ 7 ಡಿಗ್ರಿ ಮೀರಬಾರದು. ಬಾಯಿಯ ಅಗಲ ಆಳದ ಮೂರರಿಂದ ಐದು ಪಟ್ಟು. ಪಕ್ಕದ ಅಂಚು ಚೂಪು, ಹಿಂದಿನ ತುಟಿ ಮಾತ್ರ ವಿಮಾನದ ರೆಕ್ಕೆಯ ಮುಂಭಾಗದಂತೆ ದುಂಡು. 7 ಡಿಗ್ರಿಯ ಇಳಿಜಾರಿನಲ್ಲಿ 5 ಸೆಂ.ಮೀ. ಆಳ ಬೇಕೆಂದರೆ 41 ಸೆಂ.ಮೀ. ಉದ್ದ ಬೇಕು, 12 ಸೆಂ.ಮೀ. ಆಳಕ್ಕೆ ಒಂದು ಮೀಟರ್. ಕೌಂಟಾಶ್‌ನ ತೆರಪು ಬಾಗಿಲ ಮಧ್ಯದಿಂದಲೇ ಏಕೆ ಶುರುವಾಗಬೇಕಾಯಿತು ಎಂಬುದಕ್ಕೆ ಉತ್ತರ ಈ ಉದ್ದದಲ್ಲಿದೆ. ಮಡ್‌ಗಾರ್ಡಿನಲ್ಲಿ ಮಾತ್ರ ಕೊಯ್ದಿದ್ದರೆ ಇಳಿಜಾರು ಕಡಿದಾಗಿ, ಗಾಳಿ ನೆಲ ಬಿಟ್ಟು ಹಾರಿಹೋಗುತ್ತಿತ್ತು. ಬಾಗಿಲಿನ ತಗಡನ್ನು ಆ ಆಕಾರಕ್ಕೆ ತರುವ ಕೆಲಸ, ಬಾಗಿಲು ಮತ್ತು ಮಡ್‌ಗಾರ್ಡಿನ ನಡುವಿನ ಸಂದು, ಮೇಲಕ್ಕೆ ಏಳುವ ಕತ್ತರಿ ಬಾಗಿಲಿನ ತೂಕ, ಇವೆಲ್ಲ ತಲೆನೋವು ಒಪ್ಪಿಕೊಂಡೇ ಅವರು ಅಷ್ಟುದ್ದ ಎಳೆದರು.

ಈ ಡಕ್ಟನ್ನು ನಕಲು ಮಾಡುವವರು ಕೆಡಿಸುವುದೂ ಇಲ್ಲೇ. ಫೈಬರ್‌ಗ್ಲಾಸಿನಲ್ಲಿ ಅಚ್ಚು ತೆಗೆಯುವಾಗ ಚೂಪು ಅಂಚು ಒಡೆಯುತ್ತದೆಂದು ಎಲ್ಲ ಅಂಚುಗಳನ್ನೂ ನಯವಾಗಿ ದುಂಡು ಮಾಡುತ್ತಾರೆ. ಅಲ್ಲಿಗೆ ಸುರುಳಿ ಹುಟ್ಟುವುದಿಲ್ಲ, ಅದು ಬರಿಯ ಗುಂಡಿಯಾಗುತ್ತದೆ. ಇನ್ನು ಕೆಲವರು ಅಗಲದ ಬದಿಯನ್ನು ಮುಂದಕ್ಕೆ ಇಡುತ್ತಾರೆ, ಗಾಳಿ ಹಿಡಿಯಲು ಬಾಯಿ ಮುಂದಿರಬೇಕಲ್ಲವೇ ಎಂದುಕೊಂಡು. ಅದು ಪೂರ್ತಿ ತಿರುವುಮುರುವು.

ಪೆಟ್ಟಿಗೆಯೂ ಏಕೆ ಬೇಕಾಯಿತು

ನಾಕಾ ಡಕ್ಟ್ ಇಷ್ಟು ಚೆನ್ನಾಗಿದ್ದರೆ ಭುಜದ ಮೇಲಿನ ಆ ಪೆಟ್ಟಿಗೆಗಳು ಏಕೆ? ಮೇಲಿನ ಲೆಕ್ಕಕ್ಕೆ ಹಿಂದಿರುಗಿ ನೋಡಿ. 5 ಸೆಂ.ಮೀ. ಆಳ, 20 ಸೆಂ.ಮೀ. ಅಗಲದ ಸಾಧಾರಣ ನಾಕಾ ಡಕ್ಟಿನ ಬಾಯಿ 100 ಚದರ ಸೆಂ.ಮೀ. ಹಿಂದೆ ತಡೆ ಕಡಿಮೆಯಿದ್ದು ಹೊರಗಿನ ವೇಗದ ಶೇ. 60 ಸಿಕ್ಕಿದರೂ 180 ಕಿ.ಮೀ.ನಲ್ಲಿ ಸೆಕೆಂಡಿಗೆ 0.3 ಘನ ಮೀಟರ್. ಎಂಜಿನ್ನಿನ ಉಸಿರಿಗೆ ಸಾಕು, ಬ್ರೇಕ್ ತಣಿಸಲು ಧಾರಾಳ, ರೇಡಿಯೇಟರಿಗೆ ಹತ್ತನೇ ಒಂದು ಪಾಲು. ಕೌಂಟಾಶ್‌ನದು ಇದಕ್ಕಿಂತ ಬಹಳ ದೊಡ್ಡದು ನಿಜ. ಆದರೂ ನಾಕಾ ಡಕ್ಟಿಗೆ ಒಂದು ಹುಟ್ಟುಗುಣವಿದೆ. ಹಿಂದೆ ತಡೆ ಹೆಚ್ಚಿದ್ದರೆ ಅದು ಮುನಿಸಿಕೊಳ್ಳುತ್ತದೆ, ಬಾಯಲ್ಲಿ ಗಾಳಿ ನಿಧಾನವಾದ ಕೂಡಲೇ ಬಂದ ಗಾಳಿ ಮೇಲಿನಿಂದ ಚೆಲ್ಲಿಹೋಗುತ್ತದೆ. ರೇಡಿಯೇಟರ್ ಜಾಲರಿ ಎಂದರೆ ತಡೆಯೇ ತಡೆ.

ಗಾಳಿಗೆ ಎದುರಾಗಿ ನಿಂತ ಪೆಟ್ಟಿಗೆ ಹಾಗಲ್ಲ. ಮೈಯಿಂದ ಹೊರಗೆ, ಸೋಮಾರಿ ಪದರದ ಆಚೆ ನಿಂತಿರುವುದರಿಂದ ಗಾಳಿಯ ಒತ್ತಡ ನೇರವಾಗಿ ಸಿಗುತ್ತದೆ, ತಡೆಯನ್ನು ತಳ್ಳಿಕೊಂಡು ಹೋಗುವ ತಾಕತ್ತು ಅದಕ್ಕಿದೆ. ಬೆಲೆ ಏನೆಂದರೆ ಎದುರುಗಾಳಿಯ ತಡೆ ಹೆಚ್ಚುತ್ತದೆ, ಮತ್ತು ಚಾಲಕನಿಗೆ ಹಿಂಬದಿಯ ಓರೆನೋಟ ಹೋಗುತ್ತದೆ. ಕೌಂಟಾಶ್ ಓಡಿಸುವವರು ರಿವರ್ಸ್ ಹೋಗಲು ಬಾಗಿಲೆತ್ತಿ ಅಂಚಿನ ಮೇಲೆ ಕೂತು ಹಿಂದೆ ತಿರುಗಿ ನೋಡುವುದು ಹೆಸರಾದದ್ದು ಈ ಕಾರಣಕ್ಕೂ ಸೇರಿ.

ಹೊರದಾರಿ

ಗಾಳಿ ಒಳಬರುವುದನ್ನು ಮಾತ್ರ ನೋಡಿ ಹೊರಹೋಗುವುದನ್ನು ಮರೆತರೆ ಎಷ್ಟು ದೊಡ್ಡ ಬಾಯಿ ಕೊಯ್ದರೂ ವ್ಯರ್ಥ. ಗಾಳಿ ಹರಿಯುವುದು ಒತ್ತಡದ ವ್ಯತ್ಯಾಸದಿಂದ. ಎಲ್‌ಪಿ 400ರಲ್ಲಿ ರೇಡಿಯೇಟರುಗಳು ಹಿಂದಿನ ಪಕ್ಕಗಳಲ್ಲಿ ನಿಂತಿವೆ. ಅವುಗಳನ್ನು ಹಾಯ್ದ ಬಿಸಿಗಾಳಿ ಎಂಜಿನ್ ಮುಚ್ಚಳದ ಎರಡು ಬದಿಯ ಪಟ್ಟಿ ಜಾಲರಿಗಳಿಂದ ಮೇಲಕ್ಕೆ ಹೋಗುತ್ತದೆ. ಕಾರಿನ ಮೇಲ್ಭಾಗದಲ್ಲಿ ಗಾಳಿ ವೇಗವಾಗಿ ಹಾಯುವುದರಿಂದ ಅಲ್ಲಿ ಒತ್ತಡ ಕಡಿಮೆ, ಅದು ಬಿಸಿಗಾಳಿಯನ್ನು ಹೀರಿಕೊಳ್ಳುತ್ತದೆ. ನಿಂತಾಗಲೂ ಬಿಸಿಗಾಳಿ ತಾನಾಗಿ ಮೇಲೇರುವುದರಿಂದ ಈ ಸ್ಥಳ ಎರಡು ರೀತಿಯಲ್ಲಿ ಸರಿ. ಟ್ರಾಫಿಕ್ಕಿನಲ್ಲಿ ಮಾತ್ರ ಯಾವ ತೆರಪೂ ಕೆಲಸ ಮಾಡದು, ಎಲೆಕ್ಟ್ರಿಕ್ ಫ್ಯಾನ್‌ಗಳೇ ಗತಿ.

ಇಂಥ ಹಳೆಯ ಕಾರುಗಳನ್ನು ಮರುಜೋಡಿಸುವಾಗ ಬಿಸಿಯ ತಕರಾರು ಬಂದರೆ ಎಲ್ಲರ ಕೈ ಮೊದಲು ರೇಡಿಯೇಟರಿಗೆ, ಫ್ಯಾನಿಗೆ ಹೋಗುತ್ತದೆ. ಅದಕ್ಕೂ ಮೊದಲು ನೋಡಬೇಕಾದದ್ದು ರೇಡಿಯೇಟರಿನ ಸುತ್ತಲಿನ ಸಂದು. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಜಾಲರಿಯ ಪಕ್ಕದಲ್ಲಿ ಎರಡು ಬೆರಳು ಹೋಗುವಷ್ಟು ಸಂದಿದ್ದರೆ ಅಲ್ಲಿಂದಲೇ ನುಸುಳುತ್ತದೆ. ಅದೇ ಸಂದಿನಿಂದ, ಕಾರು ನಿಂತಾಗ, ಫ್ಯಾನ್ ದೂಡಿದ ಬಿಸಿಗಾಳಿ ತಿರುಗಿ ಮುಂದಕ್ಕೆ ಬಂದು ಮತ್ತೆ ಜಾಲರಿಗೇ ಹೋಗುತ್ತದೆ. ಶಾಖ ತಾಳುವ ಫೋಮ್ ಪಟ್ಟಿ, ಅಲ್ಯುಮಿನಿಯಂ ತಗಡು, ನಾಲ್ಕಾರು ರಿವೆಟ್: ಅಗ್ಗದ ಸಾಮಾನು, ಫಲ ದೊಡ್ಡದು.

ರೂಪಕ್ಕೆ ಆದದ್ದೇನು

1973ರ ಜಿನೀವಾ ಪ್ರದರ್ಶನಕ್ಕೆ ಬಂದ ಕೆಂಪು ಎಲ್‌ಪಿ 400 ಮಾದರಿಯಲ್ಲಿ ಈ ತೆರಪುಗಳು ಕಾಣಿಸಿಕೊಂಡವು. ಮೂಲ ಹಳದಿ ಕಾರು 1974ರಲ್ಲಿ ಇಂಗ್ಲೆಂಡಿನ ಮೀರಾ ವಾಹನ ಪರೀಕ್ಷಾ ಕೇಂದ್ರದಲ್ಲಿ ಡಿಕ್ಕಿ ಪರೀಕ್ಷೆಗೆ ಬಲಿಯಾಯಿತು. ಹಳೆಯ ಚಿತ್ರ ಮತ್ತು ದಾಖಲೆಗಳಿಂದ ಲಂಬೋರ್ಗಿನಿಯ ಹಳೆಯ ಕಾರುಗಳ ವಿಭಾಗವೇ ಅದನ್ನು ಮರಳಿ ಕಟ್ಟಿ 2021ರಲ್ಲಿ ಇಟಲಿಯ ವಿಲ್ಲಾ ದೆಸ್ತೆ ಪ್ರದರ್ಶನದಲ್ಲಿ ತೋರಿಸಿತು. ಹಾಗಾಗಿ ಎರಡನ್ನೂ ಹೋಲಿಸಿ ನೋಡುವುದು ಈಗ ಸಾಧ್ಯ. ತೆರಪು ಬಂದ ಮೇಲೆ ಗಾಂದೀನಿಯ ಶುದ್ಧ ರೂಪ ಕೆಟ್ಟಿತೆಂದು ಮರುಗುವವರಿದ್ದಾರೆ. ನಮ್ಮ ತೀರ್ಮಾನ ಬೇರೆ. ಎಲ್‌ಪಿ 500ರ ಪಕ್ಕ ಚೆಲುವಾಗಿದೆ, ಆದರೆ ಖಾಲಿಯಾಗಿದೆ. ಬಾಗಿಲಿನ ದೊಡ್ಡ ತಗಡಿಗೆ ಹೇಳಲು ಏನೂ ಇಲ್ಲ. ಎಲ್‌ಪಿ 400ರ ತ್ರಿಕೋನ ಬೆಣೆಯ ದಿಕ್ಕನ್ನೇ ಹಿಡಿದು ಹಿಂದಕ್ಕೆ ಅಗಲವಾಗುತ್ತದೆ, ನಿಂತ ಕಾರಿಗೂ ಓಟ ಕೊಡುತ್ತದೆ. ಅದು ಅಲ್ಲಿರಲು ಕಾರಣವಿದೆ ಎಂಬುದು ನೋಡುವ ಕಣ್ಣಿಗೆ, ಲೆಕ್ಕ ಗೊತ್ತಿಲ್ಲದಿದ್ದರೂ, ತಿಳಿಯುತ್ತದೆ.

ಮುಂದಿನ ಬದಲಾವಣೆಗಳಲ್ಲಿ ಎಲ್ಲವೂ ಇಷ್ಟು ಹದವಾಗಿ ಕೂಡಿಬರಲಿಲ್ಲ. 1985ರ, ಸಿಲಿಂಡರಿಗೆ ನಾಲ್ಕು ವಾಲ್ವಿನ 5167 ಸಿಸಿ ಎಂಜಿನ್ನಿಗೆ ಕಾರ್ಬ್ಯುರೇಟರುಗಳನ್ನು ಪಕ್ಕದಿಂದ ತೆಗೆದು ತಲೆಯ ಮೇಲೆ ಕೂರಿಸಿದ್ದರಿಂದ ಎಂಜಿನ್ ಮುಚ್ಚಳ ಗೂನುಬೆನ್ನಾಗಿ, ಉಳಿದಿದ್ದ ಹಿಂಬದಿಯ ನೋಟವೂ ಹೋಯಿತು. 1988ರ, ಕಂಪನಿಯ ಇಪ್ಪತ್ತೈದನೇ ವಾರ್ಷಿಕೋತ್ಸವದ ಆವೃತ್ತಿಯಲ್ಲಿ ವಿನ್ಯಾಸಕಾರ ಹೊರಾಸಿಯೊ ಪಗಾನಿ ಪೆಟ್ಟಿಗೆಗಳನ್ನು ಹಿಗ್ಗಿಸಿ, ಜಾಲರಿಯ ಪಟ್ಟಿಗಳನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರು. ಗಾಳಿಗೆ ಅದು ಒಳ್ಳೆಯದೇ. ಕಣ್ಣಿಗೆ ಪಟ್ಟಿಗಳು ಅತಿಯಾದವು.

ಆ ಪಟ್ಟಿಗಳ ಕಾಲವನ್ನು ತೆರೆದದ್ದು 1984ರ ಫೆರಾರಿ ಟೆಸ್ಟರೋಸ್ಸಾ. ಅದಕ್ಕೆ ಮೊದಲಿನ ಬಾಕ್ಸರ್ ಕಾರಿನಲ್ಲಿ ರೇಡಿಯೇಟರ್ ಮೂತಿಯಲ್ಲಿದ್ದು ಕೊಳವೆಗಳಿಂದ ಒಳಗೆ ಸೆಕೆಯಾಗುತ್ತಿತ್ತು. ಅವರೂ ಪಕ್ಕಕ್ಕೇ ಬಂದರು, ಕೌಂಟಾಶ್‌ನ ದಾರಿ ಹಿಡಿಯದೆ ಬಾಗಿಲಿನಿಂದಲೇ ದೊಡ್ಡ ಬಾಯಿ ತೆರೆದು ಐದು ಉದ್ದ ಪಟ್ಟಿಗಳಿಂದ ಮುಚ್ಚಿದರು. ಅಷ್ಟು ದೊಡ್ಡ ತೆರೆದ ಬಾಯಿಗೆ ಕೆಲವು ದೇಶಗಳ ಕಾನೂನು ಅಡ್ಡಿಯಾಗಿದ್ದೂ ಪಟ್ಟಿಗಳಿಗೆ ಕಾರಣ.

ನಮ್ಮ ರಸ್ತೆಯ ಕಾರುಗಳಿಗೆ ಇದೇ ಅಳತೆಗೋಲು

ಬಿಡದಿಯಲ್ಲಿ ತಯಾರಾದ ಟೊಯೊಟಾ ಫಾರ್ಚುನರಿನ ಮೊದಲ ತಲೆಮಾರಿನ ಬಾನೆಟ್ ಮೇಲೆ ಒಂದು ಸ್ಕೂಪ್, ಅಂದರೆ ಗಾಳಿ ಹಿಡಿಯುವ ಉಬ್ಬುಬಾಯಿ, ಇತ್ತು. ಮೂರು ಲೀಟರ್ ಡೀಸೆಲ್ ಎಂಜಿನ್ನಿನ ತಲೆಯ ಮೇಲೆ ಇಂಟರ್‌ಕೂಲರ್, ಅಂದರೆ ಟರ್ಬೊ ಒತ್ತಿದ ಬಿಸಿಗಾಳಿಯನ್ನು ತಣಿಸುವ ಜಾಲರಿ, ಕೂತಿದ್ದರಿಂದ ಅದು ನಿಜವಾದ ಕೆಲಸದ ತೆರಪು. ಎರಡನೇ ತಲೆಮಾರಿನಲ್ಲಿ ಇಂಟರ್‌ಕೂಲರ್ ಮುಂದಕ್ಕೆ ಹೋಯಿತು, ಸ್ಕೂಪ್ ಮಾಯವಾಯಿತು. ಹಳೆಯ ಫಾರ್ಚುನರ್ ಏರುದಾರಿಯಲ್ಲಿ ಸೊರಗಿದರೆ ಬಾನೆಟ್ ಎತ್ತಿ ಎರಡು ಜಾಗ ನೋಡಿ. ಸ್ಕೂಪಿಗೂ ಇಂಟರ್‌ಕೂಲರಿಗೂ ನಡುವಿನ ರಬ್ಬರ್ ಸೀಲ್ ಒಣಗಿ ಬಿರಿದಿದ್ದರೆ ಗಾಳಿ ಬದಿಗೆ ಸೋರುತ್ತದೆ. ಜಾಲರಿಯಲ್ಲಿ ಧೂಳು, ಹುಳ, ಎಲೆ ಕಟ್ಟಿದ್ದರೆ ಕೆಳಗಿನಿಂದ ಮೇಲಕ್ಕೆ, ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಪ್ರೆಷರ್ ವಾಷರ್ ಹಿಡಿದರೆ ತೆಳು ರೆಕ್ಕೆಗಳು ಮಡಚಿ ಇದ್ದ ದಾರಿಯೂ ಮುಚ್ಚುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಸಿಗುವ, ಡಬಲ್ ಸೈಡ್ ಟೇಪಿನಿಂದ ಅಂಟಿಸುವ ಸ್ಕೂಪುಗಳಿಗೆ ಕೆಳಗೆ ತೂತೇ ಇರುವುದಿಲ್ಲ. ತೂತು ಕೊರೆಸುವ ಯೋಚನೆಯಿದ್ದರೆ ಜಾಗ ತಿಳಿದಿರಲಿ. ಬಾನೆಟ್ಟಿನ ಮುಂದಿನ ಮೂರನೇ ಒಂದು ಭಾಗದಲ್ಲಿ ಒತ್ತಡ ಕಡಿಮೆ, ಅದು ಬಿಸಿಗಾಳಿ ಹೊರಬಿಡಲು ತಕ್ಕ ಜಾಗ. ಮುಂದಿನ ಗಾಜಿನ ಬುಡದಲ್ಲಿ ಒತ್ತಡ ಹೆಚ್ಚು, ಅಲ್ಲಿ ತೆರೆದರೆ ಗಾಳಿ ಒಳಗೆ ಬರುತ್ತದೆ, ಹೊರಗೆ ಹೋಗದು. ಬಿಸಿ ಹೊರಹೋಗಲಿ ಎಂದು ಬಾನೆಟ್ಟಿನ ಹಿಂದಿನ ಅಂಚನ್ನು ವಾಷರ್ ಇಟ್ಟು ಎತ್ತುವವರು, ಓಡುವಾಗ, ಎಂಜಿನ್ ಕೋಣೆಗೆ ಎದುರೊತ್ತಡ ತುಂಬಿ ರೇಡಿಯೇಟರಿನ ಹರಿವನ್ನೇ ತಗ್ಗಿಸುತ್ತಾರೆ. ಬಾನೆಟ್ ಒಳಗಿನ ಬಲದ ಪಟ್ಟಿಗಳನ್ನು ಕತ್ತರಿಸಕೂಡದು, ಡಿಕ್ಕಿಯಾದಾಗ ಬಾನೆಟ್ ಮಡಚುವುದು ಅವುಗಳ ಲೆಕ್ಕದಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ ಎಂಬುದೂ ನೆನಪಿರಲಿ.

ಎಂಜಿನ್ನಿಗೆ ತಣ್ಣನೆ ಗಾಳಿ ತರುವ ಇಂಟೇಕ್ ಕೊಳವೆ ಹಾಕಿಸಿದರೆ ವೇಗದ ಒತ್ತಡದಿಂದಲೇ ಶಕ್ತಿ ಹೆಚ್ಚುತ್ತದೆ ಎಂಬ ಮಾತನ್ನೂ ಅಳೆದು ನೋಡಬೇಕು. ಗಂಟೆಗೆ 100 ಕಿ.ಮೀ.ನಲ್ಲಿ ಗಾಳಿ ಕೊಡುವ ಪೂರ್ಣ ಒತ್ತಡ ಸುಮಾರು 463 ಪ್ಯಾಸ್ಕಲ್, ವಾತಾವರಣದ ಒತ್ತಡದ ಅರ್ಧ ಶೇಕಡಾ ಕೂಡ ಅಲ್ಲ. 200ರಲ್ಲಿ ಶೇ. 1.8. ಅದೇ ಎಂಜಿನ್ ಕೋಣೆಯ 60 ಡಿಗ್ರಿಯ ಗಾಳಿಗೆ ಬದಲು ಹೊರಗಿನ 30 ಡಿಗ್ರಿಯ ಗಾಳಿ ಎಳೆದರೆ ಒಳಹೋಗುವ ಗಾಳಿಯ ತೂಕ ಶೇ. 10ರಷ್ಟು ಹೆಚ್ಚುತ್ತದೆ. ಲಾಭ ಇರುವುದು ತಂಪಿನಲ್ಲಿ. ಕಂಪನಿಯ ಮೂಲ ಇಂಟೇಕ್ ಕೊಳವೆ ಗ್ರಿಲ್ಲಿನ ಹಿಂದಿನಿಂದಲೇ ಗಾಳಿ ಎಳೆಯುತ್ತಿದ್ದರೆ ಆ ಲಾಭ ಆಗಲೇ ನಿಮ್ಮ ಕೈಯಲ್ಲಿದೆ. ಅದನ್ನು ಕಿತ್ತು ಎಂಜಿನ್ ಪಕ್ಕದಲ್ಲಿ ತೆರೆದ ಕೋನ್ ಫಿಲ್ಟರ್ ಹಾಕಿದರೆ ಸದ್ದು ಹೆಚ್ಚುತ್ತದೆ, ಉಸಿರು ಬಿಸಿಯಾಗುತ್ತದೆ.

ಯಾವ ತೆರಪು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಎರಡು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಒಂದು ಸ್ಕೇಲು, ಬಣ್ಣ ಹಾಕಿದ ನೀರು ಸಾಕು. ಕೊಳವೆಯನ್ನು ಯು ಆಕಾರಕ್ಕೆ ಬಗ್ಗಿಸಿ ಸ್ಕೇಲಿಗೆ ಕಟ್ಟಿ, ಒಂದು ತುದಿಯನ್ನು ತೆರಪಿನ ಒಳಗೆ, ಇನ್ನೊಂದನ್ನು ಕಿಟಕಿ ಮುಚ್ಚಿದ ಕಾರಿನೊಳಗೆ ಬಿಡಿ; ಎಸಿಯ ಬ್ಲೋವರ್ ನಿಲ್ಲಿಸಿರಬೇಕು. ಓದುವ ಕೆಲಸ ಪಕ್ಕದಲ್ಲಿ ಕೂತವರದು, ಚಾಲಕನದಲ್ಲ. 100 ಕಿ.ಮೀ. ವೇಗದಲ್ಲಿ ಸಮುದ್ರಮಟ್ಟದ ಊರಾದ ಮಂಗಳೂರಿನಲ್ಲಿ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚೆಂದರೆ 47 ಮಿ.ಮೀ. ಬರಬೇಕು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು, ಅಲ್ಲಿ 42. ಅದರ ಮುಕ್ಕಾಲು ಭಾಗ ಕಂಡರೆ ತೆರಪು ಸರಿಯಾದ ಜಾಗದಲ್ಲಿದೆ. ಐದಾರು ಮಿ.ಮೀ. ಕಂಡರೆ ಅದು ಸೋಮಾರಿ ಪದರದಲ್ಲಿ ಮುಳುಗಿದೆ, 3ರಿಂದ 4 ಸೆಂ.ಮೀ. ಎತ್ತರಿಸಿ ಮತ್ತೆ ನೋಡಿ. ತೆರಪಿನ ಬದಿಯ ನೀರು ಮೇಲೇರಿದರೆ ಅದು ಗಾಳಿಬಾಯಿಯಾಗದು, ಹೊರದಾರಿಯಾಗಿ ಬಳಸಿಕೊಳ್ಳಬಹುದು.